ಒಗ್ಗದ್ದು ಯಾವುದು?

ನಮ್ಮ ಹಿರಿಯರು ‘ಆಗಿಬರುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ ಸಂಗತಿಗೆ ಇಂದು ಅಲರ್ಜಿ ಎಂದು ಹೆಸರು. ಬದನೆಕಾಯಿ ಆಗಿಬರುವುದಿಲ್ಲ, ಸಂಪಿಗೆಯ ವಾಸನೆ ಆಗಿಬರುವುದಿಲ್ಲ ಎನ್ನುವವರು ಪ್ರತಿ ಮನೆಯಲ್ಲಿಯೂ ಒಬ್ಬರಿರುತ್ತಿದ್ದರು. ಆಯುರ್ವೇದದವರು ಇದನ್ನು ‘ಅಸಾತ್ಮ್ಯ’ ಎಂದರು; ಕನ್ನಡದಲ್ಲಿ ‘ಒಗ್ಗದಿಕೆ’ ಎಂದು ಬರೆಯುವವರೂ ಉಂಟು. ಅಲರ್ಜಿ ಎಂಬ ಶಬ್ದವನ್ನು ಟಂಕಿಸಿದಾತ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ವರ್ಷ 1906. ‘ಬೇರೆ’, ‘ಕೆಲಸ’ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಆತ ಕೂಡಿಸಿದ. ಒಂದು ವಸ್ತುವನ್ನು ಒಮ್ಮೆ ಕಂಡ ಮೈ ಮರುಸಲ ಅದನ್ನು ಬೇರೆಯೇ ರೀತಿಯಲ್ಲಿ ಎದುರುಗೊಳ್ಳುತ್ತದೆ ಎಂಬುದು ತಾತ್ಪರ್ಯ. ವ್ಯುತ್ಪತ್ತಿ ಹೇಳುವುದು ಕನ್ನಡ ಮೇಷ್ಟರ ಹಳೆಯ ಚಾಳಿ, ಕೇಳುಗರು ಮನ್ನಿಸಬೇಕು. ಅರ್ಥ ಮಾತ್ರ ನನಗೆ ಮನದಟ್ಟಾದದ್ದು ಬೆಂಗಳೂರಿನ ಒಬ್ಬ ಅಲರ್ಜಿ ತಜ್ಞೆಯ ಹೊರಕೊಠಡಿಯ ಬೆಂಚಿನ ಮೇಲೆ.

ನಿವೃತ್ತನಾದ ಮೇಲೆ ಮನೆಯ ಪುಸ್ತಕಗಳನ್ನು ಓರಣವಾಗಿ ಜೋಡಿಸಬೇಕೆಂದು ಹೊರಟವನಿಗೆ ಸೀನು ಗಂಟುಬಿದ್ದಿತು. ಒಂದಾದ ಮೇಲೊಂದು ಇಪ್ಪತ್ತು ಸೀನು, ಕಣ್ಣಲ್ಲಿ ನೀರು, ಮೂಗಿನ ಒಳಗೆಲ್ಲ ತುರಿಕೆ. ‘ಹಳೆಯ ಪುಸ್ತಕದ ದೂಳು, ಯಾವುದಾದರೂ ಗ್ರಂಥಾಲಯಕ್ಕೆ ಕೊಟ್ಟುಬಿಡಿ’ ಎಂದರು ಮನೆಯವರು, ನೆರೆಯವರು, ಔಷಧಿ ಅಂಗಡಿಯವನು. ತಜ್ಞರೂ ಅದನ್ನೇ ಹೇಳಿಬಿಟ್ಟರೆ ಗತಿಯೇನು? ಈ ಭಯದಿಂದಲೇ ನಾನು ಎರಡು ವರ್ಷ ಯಾರ ಬಳಿಗೂ ಹೋಗಲಿಲ್ಲ.

ಕೊನೆಗೆ ಹೋದಾಗ ಆ ವೈದ್ಯೆ ಮೊದಲು ನನ್ನ ಮೈಯನ್ನು ಮುಟ್ಟಲಿಲ್ಲ. ಅರ್ಧ ಗಂಟೆ ಪ್ರಶ್ನೆಗಳನ್ನೇ ಕೇಳಿದರು. ‘ಬಹಳ ದಿನಗಳಿಂದ’ ಎಂಬ ಉತ್ತರವನ್ನು ಅವರು ಒಪ್ಪಲಿಲ್ಲ. ಯಾವ ತಿಂಗಳು? ಮನೆಯ ಒಳಗೋ ಹೊರಗೋ? ಊರು ಬಿಟ್ಟು ಹೋದಾಗ ಕಡಮೆಯೇ? ಬೆಳಗಿನ ಮೊದಲ ಸೀನು ಎಷ್ಟು ಗಂಟೆಗೆ? ಐದು ಗಂಟೆಗೆ, ಹಾಸಿಗೆಯಿಂದ ಏಳುವ ಮೊದಲೇ ಎಂದೆ. ‘ಅಷ್ಟು ಹೊತ್ತಿಗೆ ಯಾವ ಪುಸ್ತಕ ಮುಟ್ಟಿರುತ್ತೀರಿ?’ ಎಂದರು. ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಪಠ್ಯವನ್ನು ಗಮನವಿಟ್ಟು ಓದಿ ಎಂದು ಹೇಳಿದವನು ನಾನು. ನನ್ನ ಕಥೆಯನ್ನೇ ನಾನು ಸರಿಯಾಗಿ ಓದಿರಲಿಲ್ಲ.

ಪರೀಕ್ಷೆ ಆಮೇಲಿನ ಮಾತು. ಸೀನಿನ ಮಾತ್ರೆಗಳನ್ನು ಅವರು ಹೇಳಿದಷ್ಟು ದಿನ, ಸುಮಾರು ಒಂದು ವಾರ, ನಿಲ್ಲಿಸಿ ಹೋಗಬೇಕು. ಇಲ್ಲವಾದರೆ ಚರ್ಮ ಸತ್ಯ ಹೇಳುವುದಿಲ್ಲ. ಮುಂದೋಳಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಬಳಿ ಒಂದೊಂದು ಹನಿ: ದೂಳಿನ ನುಸಿಯದು, ಜಿರಳೆಯದು, ಬೂಷ್ಟಿನದು, ಬಗೆಬಗೆಯ ಪರಾಗದ್ದು. ಪ್ರತಿ ಹನಿಯ ಮೂಲಕ ಸಣ್ಣ ಮೊನೆಯಿಂದ ಚರ್ಮವನ್ನು ಇಷ್ಟೇ ಚುಚ್ಚುತ್ತಾರೆ, ರಕ್ತ ಬರುವುದಿಲ್ಲ. ಜೊತೆಗೆ ಎರಡು ಸಾಕ್ಷಿಹನಿಗಳು: ಬರಿಯ ಉಪ್ಪುನೀರಿನದೊಂದು, ಅದು ಉಬ್ಬಕೂಡದು, ಹಿಸ್ಟಮಿನ್ನಿನದೊಂದು, ಅದು ಉಬ್ಬಲೇಬೇಕು. ಆಮೇಲೆ ಕಾಲು ಗಂಟೆ, ಇಪ್ಪತ್ತು ನಿಮಿಷ, ಕೆರೆಯದೆ ಕುಳಿತಿರಬೇಕು. ತುರಿಸುವ ಕೈಯನ್ನು ತುರಿಸದೆ ಕುಳಿತಿರುವುದೆಂದರೇನು ಎಂಬುದನ್ನು ಅನುಭವಿಸಿದವರೇ ಬಲ್ಲರು. ಹೊರಕೊಠಡಿಯಲ್ಲಿ ನಾವು ಏಳೆಂಟು ಮಂದಿ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಚಾಚಿ, ಬಳೆಗಾರನ ಮುಂದೆ ಕುಳಿತವರಂತೆ ಕುಳಿತಿದ್ದೆವು. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯ ತನ್ನ ಕೈಯನ್ನೇ ಕೆರೆದು ಪರಾಗ ಉಜ್ಜಿ ನೋಡಿಕೊಂಡು 1873ರಲ್ಲಿ ಪುಸ್ತಕ ಬರೆದ. ನಮ್ಮ ಕೈಮೇಲಿನ ಚುಕ್ಕಿಗಳೆಲ್ಲ ಆತನ ಸಂತಾನ.

ನನ್ನ ಕೈಯಲ್ಲಿ ನುಸಿಯ ಹನಿ ದೊಡ್ಡದಾಗಿ ಉಬ್ಬಿತು, ಜಿರಳೆಯದು ಸ್ವಲ್ಪ. ಉಪ್ಪುನೀರಿನದಕ್ಕಿಂತ ಮೂರು ಮಿಲಿಮೀಟರು ಹೆಚ್ಚು ಉಬ್ಬಿದರೆ ಲೆಕ್ಕಕ್ಕೆ ಉಂಟು. ಆದರೆ ಉಬ್ಬಿದ್ದೆಲ್ಲ ರೋಗವಲ್ಲ ಎಂದು ವೈದ್ಯೆ ಒತ್ತಿ ಹೇಳಿದರು. ನಮ್ಮ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯವಿದೆ. ಅದನ್ನು 1966–67ರ ಸುಮಾರಿಗೆ ಕಂಡುಹಿಡಿದವರು ಅಮೆರಿಕದಲ್ಲಿ ದುಡಿಯುತ್ತಿದ್ದ ಜಪಾನಿನ ಇಶಿಜಾಕಾ ದಂಪತಿಗಳು ಮತ್ತು ಸ್ವೀಡನ್ನಿನ ಸಂಶೋಧಕರು. ಚರ್ಮ ಉಬ್ಬಿತೆಂದರೆ ಆ ಪ್ರತಿಕಾಯಕ್ಕೆ ಆ ವಸ್ತುವಿನ ಗುರುತುಂಟು ಎಂದಷ್ಟೇ ಅರ್ಥ. ಗುರುತಿದ್ದವರೊಡನೆಲ್ಲ ನಾವು ಜಗಳ ಆಡುತ್ತೇವೆಯೇ? ಜಗಳ ಆಗಿದೆಯೇ ಎಂಬುದನ್ನು ರೋಗಿಯ ಕಥೆಯೇ ಹೇಳಬೇಕು. ನನ್ನ ಕಥೆಗೆ ಹೊಂದಿದ್ದು ನುಸಿ. ಅದು ಕಣ್ಣಿಗೆ ಬೀಳದಷ್ಟು ಚಿಕ್ಕದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಹಾಸಿಗೆ ದಿಂಬುಗಳಲ್ಲಿ ಬದುಕುತ್ತದೆ. ಮನೆದೂಳಿನ ಅಲರ್ಜಿಗೆ ಮುಖ್ಯ ಕಾರಣ ಇದೇ ಎಂದು 1964ರಲ್ಲಿ ಹಾಲೆಂಡಿನ ಲೈಡನ್ನಿನ ಸಂಶೋಧಕರು ತೋರಿಸಿದರು. ಪುಸ್ತಕಗಳು ಉಳಿದವು, ಒದ್ದೆ ಬಟ್ಟೆಯಲ್ಲಿ ಒರೆಸಬೇಕೆಂಬ ಕಟ್ಟಳೆಯೊಡನೆ. ಹೋದದ್ದು ನನ್ನ ತಾಯಿ ಬೂರುಗದ ಹತ್ತಿ ತುಂಬಿ ಹೊಲಿದುಕೊಟ್ಟಿದ್ದ ದಿಂಬು. ಅದರ ಮೇಲೆ ನನಗೆ ಯಾವ ಸಂದೇಹವೂ ಇರಲಿಲ್ಲ.

ಅದೇ ಬೆಂಚಿನ ಮೇಲೆ ಆರು ವರ್ಷದ ಹುಡುಗನೊಬ್ಬನಿದ್ದ. ಬಡಕಲು ಮೈ, ದೊಡ್ಡ ಕಣ್ಣು. ಯಾವುದೋ ಪ್ರಯೋಗಾಲಯ ಒಂದು ಸೀಸೆ ರಕ್ತ ತೆಗೆದುಕೊಂಡು ಹಾಲು, ಗೋಧಿ, ಮೊಟ್ಟೆ, ಕಡಲೆಕಾಯಿ, ಬಾಳೆಹಣ್ಣು ಎಂದು ಎರಡು ಪುಟದ ಪಟ್ಟಿ ಕೊಟ್ಟಿತ್ತು. ತಾಯಿ ಎಂಟು ತಿಂಗಳಿಂದ ಪಟ್ಟಿಯನ್ನು ಪಾಲಿಸಿದ್ದಳು. ಅದು ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಲೆಕ್ಕ; ಉಂಡ ಅನ್ನದ ಗುರುತು ಅದರಲ್ಲಿ ಯಾರಿಗಾದರೂ ಇರುವಂಥದೇ. ಆಹಾರದ ಅಲರ್ಜಿಯನ್ನು ಅದರಿಂದ ನಿರ್ಣಯಿಸಬಾರದೆಂದು ತಜ್ಞರ ಸಂಘಗಳು ಹೇಳುತ್ತಲೇ ಬಂದಿವೆ. ‘ಮೊದಲು ಹಾಲು ಕುಡಿದಾಗ ಏನಾಗುತ್ತಿತ್ತು?’ ಎಂದು ವೈದ್ಯೆ ಕೇಳಿದರಂತೆ. ಏನೂ ಆಗುತ್ತಿರಲಿಲ್ಲ. ತಿಂಗಳ ಮೇಲೆ ನಾನು ಮತ್ತೆ ಹೋದಾಗ, ಆ ತಾಯಿಯ ಭಯ ಕಳೆಯಲೆಂದು, ಹುಡುಗನಿಗೆ ಅಲ್ಲಿಯೇ ಹಾಲು ಕುಡಿಸಿ ನೋಡುತ್ತಿದ್ದರು. ಮೊದಲು ಒಂದು ಚಮಚೆಗೂ ಕಡಮೆ, ಆಮೇಲೆ ತಡೆದು ತಡೆದು ಹೆಚ್ಚಿಸುತ್ತ. ಪಕ್ಕದಲ್ಲಿ ಅಡ್ರಿನಲಿನ್ ಸೂಜಿಮದ್ದು ಸಿದ್ಧವಾಗಿತ್ತು. ಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲ. ಹುಡುಗ ಲೋಟ ಬರಿದುಮಾಡಿ ‘ಇನ್ನೂ ಇದೆಯಾ?’ ಎಂದ. ತಾಯಿ ಗೋಡೆಯ ಕಡೆಗೆ ತಿರುಗಿದಳು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ದೇವನಹಳ್ಳಿಯ ಕಡೆಯಿಂದ ಬರುತ್ತಿದ್ದ ರೈತನೊಬ್ಬನ ಮುಖ, ಕತ್ತು, ಮೊಣಕೈ ಮಡಿಕೆ ಆನೆಯ ಚರ್ಮದಂತೆ ಒರಟಾಗಿದ್ದವು. ಕಾರಣ ಪಾರ್ಥೇನಿಯಂ, ನಮ್ಮ ಜನ ಕಾಂಗ್ರೆಸ್ ಗಿಡ ಎಂದು ಕರೆಯುವ ಬಿಳಿಹೂವಿನ ಕಳೆ. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ಇಂದು ದೇಶವನ್ನೆಲ್ಲ ಹಬ್ಬಿದೆ. ಅದರ ಒಣಪುಡಿ ಗಾಳಿಯಲ್ಲಿ ಬಂದು ಚರ್ಮವನ್ನು ಸೇರುತ್ತದೆ. ಈ ಒಗ್ಗದಿಕೆಯ ದಾರಿಯೇ ಬೇರೆ, ಐಜಿಇಯ ದಾರಿಯಲ್ಲ. ಆದ್ದರಿಂದ ಪರೀಕ್ಷೆಯೂ ಬೇರೆ. ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ನೀರು ತಾಗಿಸದೆ ಇದ್ದು, ಬಂದು ತೋರಿಸಿ, ಮತ್ತೆ ಎರಡು ದಿನ ಬಿಟ್ಟು ಬಂದು ತೋರಿಸಬೇಕು. ಒಂದು ವಾರದಲ್ಲಿ ಮೂರು ಸಲ ಬಸ್ಸು, ಮೂರು ದಿನದ ಕೆಲಸ ಹಾಳು. ತುಂಬುತೋಳಿನ ಅಂಗಿ ತೊಡು, ಬರಿಗೈಯಲ್ಲಿ ಗಿಡ ಕೀಳಬೇಡ, ಹೊಲದಿಂದ ಬಂದೊಡನೆ ಮೈ ತೊಳೆ ಎಂದು ವೈದ್ಯೆ ಹೇಳಿದ್ದರು. ಮುಲಾಮು, ಮಾತ್ರೆ ಕೊಟ್ಟಿದ್ದರು. ನಾನು ದಿಂಬು ಬಿಟ್ಟಂತೆ ಆತ ಹೊಲವನ್ನು ಬಿಡುವುದು ಹೇಗೆ?

ತಿಂಗಳ ಮೇಲೆ ಕಂಡಾಗ ಅವನ ಮುಖ ಎಷ್ಟೋ ತಿಳಿಯಾಗಿತ್ತು. ಆದರೆ ಮಳೆ ಬಿದ್ದಿತ್ತು. ತನ್ನ ಬದುವಿನ ಗಿಡಗಳನ್ನು ಆಳಿಟ್ಟು ಕೀಳಿಸಿದ್ದನಂತೆ. ಪಕ್ಕದ ಜಮೀನು ಮಾತ್ರ ನಿವೇಶನಗಳಿಗೆಂದು ಮಾರಾಟವಾಗಿ, ಕಲ್ಲು ನೆಟ್ಟು, ಕೇಳುವವರಿಲ್ಲದೆ ಬಿದ್ದಿತ್ತು. ಅಲ್ಲಿ ಗಿಡ ಆಗಲೇ ಮೊಣಕಾಲೆತ್ತರ. ನಾನು ಕನ್ನಡ ಮೇಷ್ಟರೆಂದು ತಿಳಿದು, ‘ಪಂಚಾಯಿತಿಗೆ ಒಂದು ಅರ್ಜಿ ಬರೆದುಕೊಡ್ತೀರಾ ಸ್ವಾಮಿ?’ ಎಂದ. ಬೆಂಚಿನ ಮೇಲೆ ಕುಳಿತೇ ಬರೆದೆ. ಹೂ ಬಿಡುವುದಕ್ಕೆ ಮೊದಲೇ ಕೀಳಿಸಬೇಕು ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದೆ.