ಕಟ್ಟಿಂಗೇರಿಯ ಬಿಸಿಲು

ಕಟಪಾಡಿ ಪೇಟೆಯಿಂದ ಪಡುವಣಕ್ಕೆ ಹೊರಟರೆ ಮಟ್ಟು. ಅಲ್ಲಿ ಹೊಳೆ ಕಡಲಿನ ಮಗ್ಗುಲಲ್ಲೇ ಹರಿಯುತ್ತದೆ. ನಡುವೆ ತೆಂಗಿನ ಸಾಲು ಹೊತ್ತ ಕಿರಿದಾದ ನೆಲ. ಮೂಡಣಕ್ಕೆ ಹೊರಟರೆ ಶಂಕರಪುರದ ಮಲ್ಲಿಗೆ ತೋಟಗಳು, ಮುಂದೆ ಮೂಡುಬೆಳ್ಳೆ, ಅದರ ಬಳಿ ಕಟ್ಟಿಂಗೇರಿ. ಕೆ.ಕೆ. ಹೆಬ್ಬಾರ್ ಎಂಬ ಹೆಸರಿನ ಮೊದಲ ‘ಕೆ’ ಈ ಊರು. ಕರಾವಳಿಯ ಹಸಿರು, ಕೆಂಪು, ಬಿಸಿಲನ್ನು ಆಧುನಿಕ ಭಾರತೀಯ ಚಿತ್ರಕಲೆಯೊಳಗೆ ತಂದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ತುಳು ಮನೆಮಾತಿನ ಕುಟುಂಬದಲ್ಲಿ.

ಅವರ ಚಿತ್ರಗಳ ಶಾಂತಿ ಊರಿನಿಂದ ನೇರವಾಗಿ ಬಂದದ್ದಲ್ಲ. ಅದಕ್ಕೆ ಮೊದಲು ಅವರು ಕಲಿತದ್ದನ್ನು ಬಿಡಬೇಕಾಯಿತು.

ಅವರು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. 1938ರಲ್ಲಿ ಓದು ಮುಗಿಸಿ, ಮುಂದೆ ಅಲ್ಲೇ 1945ರವರೆಗೆ ಪಾಠ ಹೇಳಿದರು. ಶಾಲೆ ಕಲಿಸುತ್ತಿದ್ದದ್ದು ಯುರೋಪಿನ ಕ್ರಮ: ಒಂದು ಬದಿಯಿಂದ ಬೆಳಕು, ಇನ್ನೊಂದು ಬದಿಗೆ ನೆರಳು, ಆ ಏರಿಳಿತದಲ್ಲಿ ವಸ್ತುವಿಗೆ ಮೈ ತುಂಬಿಸುವುದು. ಹೆಬ್ಬಾರರಿಗೆ ಅದು ಚೆನ್ನಾಗಿಯೇ ಒಲಿದಿತ್ತು. ಆದರೆ ನಮ್ಮ ಕರಾವಳಿಯ ನಡುಹಗಲು ಆ ಕ್ರಮಕ್ಕೆ ಒಗ್ಗುವುದಿಲ್ಲ. ಬೇಸಗೆಯ ಸೂರ್ಯ ನೆತ್ತಿಗೆ ಬಂದಾಗ ಆಳಿನ ನೆರಳು ಅವನ ಕಾಲಡಿಗೇ ಸರಿಯುತ್ತದೆ. ಉಪ್ಪಿನ ತೇವ ಹೊತ್ತ ಗಾಳಿ ದೂರದ ಅಂಚುಗಳನ್ನು ಅಳಿಸುತ್ತದೆ. ಮುರಕಲ್ಲಿನ ಕೆಂಪು, ಮಳೆ ಬಿದ್ದೊಡನೆ ಕಡುವಾಗುತ್ತದೆ. ಅದರ ಎದುರಿಗೆ ಭತ್ತದ ನೇಜಿಯ ಹಸಿರು. ಇಲ್ಲಿ ಕಣ್ಣಿಗೆ ಬೀಳುವುದು ಬಣ್ಣದ ಹರವು, ನೆರಳಿನ ಮಡಿಕೆಯಲ್ಲ.

ದಾರಿ ತೆರೆದದ್ದು ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು. ಪ್ಯಾರಿಸ್ಸಿನಲ್ಲಿ ಕಲಿತ ಆಕೆ ಅಜಂತಾ ನೋಡಿ, ದಕ್ಷಿಣದಲ್ಲಿ ಸುತ್ತಾಡಿ, 1937ರ ಹೊತ್ತಿಗೆ ತಮ್ಮ ಬಣ್ಣಗಳನ್ನೇ ಬದಲಿಸಿಕೊಂಡಿದ್ದರು. ಆ ಚಿತ್ರಗಳಿಂದ ಪ್ರೇರಣೆ ಪಡೆದ ಹೆಬ್ಬಾರರು ಮಲಬಾರಿಗೆ ಹೋದರು. ಜೈನ ಹಸ್ತಪ್ರತಿಗಳ ಚಿತ್ರಗಳು, ರಜಪೂತ ಕಿರುಚಿತ್ರಗಳು, ಅಜಂತಾದ ಭಿತ್ತಿಗಳು ಅವರಿಗೆ ಹೊಸ ಪಾಠವಾದವು. ಆ ಪರಂಪರೆಯಲ್ಲಿ ಚಪ್ಪಟೆ ಬಣ್ಣ ಕೊರತೆಯಲ್ಲ, ಅದೇ ಬಲ. 1940ರ ದಶಕದ ಈ ಚಿತ್ರಗಳನ್ನು ಅವರ ‘ಕೇರಳದ ಘಟ್ಟ’ ಎಂದು ಕರೆಯುವುದು ರೂಢಿ. ‘ಸನ್ನಿ ಸೌತ್’ ಆ ಕಾಲದ್ದು.

ರೂಢಿಯ ಹೆಸರು ಅದಾದರೂ, ನನಗೆ ಅಲ್ಲಿ ಕಾಣುವುದು ಕಟ್ಟಿಂಗೇರಿಯೇ. ಮಲಬಾರಿನ ಮುರಕಲ್ಲು, ತೆಂಗು, ಬೈಲು, ಅಳಿವೆ ಎಲ್ಲವೂ ಉಡುಪಿಯವರೆಗೆ ಒಂದೇ ಎಳೆಯಲ್ಲಿ ಸಾಗಿ ಬರುತ್ತವೆ. ಮನೆಯಂಗಳದಲ್ಲಿದ್ದ ಬಣ್ಣವನ್ನು ಗುರುತಿಸಲು ಅವರು ಮುಂಬೈ, ಅಜಂತಾ, ಮಲಬಾರು ಎಲ್ಲವನ್ನೂ ಸುತ್ತಬೇಕಾಯಿತು.

1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತು ಬಂದರು. ಬಣ್ಣ ಸಿಕ್ಕಿತ್ತು, ಇನ್ನು ರೇಖೆ. ಲಯವನ್ನು ಮೈಯಲ್ಲೇ ಅರಿಯಬೇಕೆಂದು ಅವರು ಕಥಕ್ ಕಲಿತವರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರು ‘ದಿ ಸಿಂಗಿಂಗ್ ಲೈನ್’. ನಾಗಮಂಡಲ, ಕೋಳಿ ಅಂಕ ಮುಂತಾದ ತುಳುನಾಡಿನ ವಸ್ತುಗಳು ಕ್ಯಾನ್ವಾಸಿಗೆ ಬಂದಾಗ ಈ ರೇಖೆಯೇ ಅವುಗಳನ್ನು ಕುಣಿಸಿತು.

ಇಂದು ಕರಾವಳಿಯ ನಿಸರ್ಗಚಿತ್ರ ಎಂದರೆ ಓರೆ ತೆಂಗು, ಖಾಲಿ ಮರಳು, ಕಿತ್ತಳೆ ಸಂಜೆ. ಹಿಂದೆ ಕಾಪುವಿನ ದೀಪಸ್ತಂಭ. ನೋಡಲು ಹಿತವೇ. ಆದರೆ ಈ ತೀರ ಎಂದೂ ಖಾಲಿ ಇದ್ದದ್ದಲ್ಲ. ಕೈರಂಪಣಿ ಬಲೆ ಎಳೆಯುವವರು, ಮೀನಿನ ಬುಟ್ಟಿ ಹೊತ್ತವರು, ಮಟ್ಟುವಿನ ಗುಳ್ಳ ಬದನೆಯ ಗದ್ದೆಯಲ್ಲಿ ಬಾಗಿದವರು ಇಲ್ಲಿಯ ನೋಟದ ಭಾಗ. ಹೆಬ್ಬಾರರು ನೆರಳನ್ನು ಬಿಟ್ಟರು, ಮನುಷ್ಯರನ್ನು ಬಿಡಲಿಲ್ಲ. ನೆಲದಷ್ಟೇ ತೂಕದಿಂದ ಜನ ಅವರ ಚಿತ್ರಗಳಲ್ಲಿ ನಿಂತಿರುತ್ತಾರೆ. ಜನರಿದ್ದೂ ಚಿತ್ರ ಶಾಂತವಾಗಿರುವುದು ಅವರ ದೊಡ್ಡ ಸಾಧನೆಯೆಂದೇ ನನ್ನ ಎಣಿಕೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಗೆ ಅವರು ತಮ್ಮ ಚಿತ್ರಗಳನ್ನು ಕೊಟ್ಟಿದ್ದಾರೆ; ಮಣಿಪಾಲದಲ್ಲಿಯೂ ಅವರ ಹೆಸರಿನ ಗ್ಯಾಲರಿಯಿದೆ. ಅಚ್ಚಿನ ಪುಟದಲ್ಲಿ ಆ ಕೆಂಪು ಮಂಕಾಗುತ್ತದೆ. ನಮ್ಮ ಶಾಲೆಗಳ ಚಿತ್ರಕಲಾ ಮೇಷ್ಟ್ರುಗಳು ಮಕ್ಕಳನ್ನು ಆ ಗ್ಯಾಲರಿಗಳಿಗೆ ಕರೆದೊಯ್ಯಲಿ, ಮೂಲವನ್ನೇ ತೋರಿಸಲಿ.