ಕೌಶಿಕನ ಪಾಲಿನ ಕಥೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನಮ್ಮ ಮನೆಗಳಲ್ಲಿ ಅಕ್ಕಮಹಾದೇವಿಯ ಚರಿತ್ರೆಯನ್ನು ಅರಿಯದವರು ವಿರಳ. ಶ್ರಾವಣದ ಪುರಾಣ ಪ್ರವಚನಗಳಲ್ಲಿ ಅದನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಆದರೆ ಕೌಶಿಕನ ಹೆಸರು ಬಂದೊಡನೆ ಕಾಮಾಂಧನೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಈಚೆಗೆ ಪರಿಚಯದ ತಾಯಿಯೊಬ್ಬರು ನಮ್ಮೆದುರು ಕಣ್ಣೀರಿಟ್ಟರು. ಅವರ ಮಗ ಮೆಚ್ಚಿದ ಕನ್ಯೆಗೆ ಬೇರೆಡೆ ನಿಶ್ಚಿತಾರ್ಥವಾಗಿದೆ. ಆ ಸಂಬಂಧ ಆಕೆಗೂ ಒಪ್ಪಿಗೆಯೇ. ಹುಡುಗ ಊಟ ಬಿಟ್ಟಿದ್ದಾನೆ. ಅಂದು ನಮಗೆ ಕೌಶಿಕ ನೆನಪಾದನು.

ಹನ್ನೆರಡನೆಯ ಶತಮಾನದ ಮಾತು. ಇಂದಿನ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಮಹಾದೇವಿಯನ್ನು ಕಂಡ ಅರಸನು ಮರುಳಾದನು. ಆಕೆಯಾದರೋ ಅದಾಗಲೇ ಚೆನ್ನಮಲ್ಲಿಕಾರ್ಜುನನನ್ನು ಪತಿಯೆಂದು ವರಿಸಿದ್ದಳು. ಹರಿಹರನ ರಗಳೆಯಲ್ಲಿ ವಿವಾಹ ನಡೆಯುತ್ತದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ನಡೆಯುವುದಿಲ್ಲ. (ಚಾಮರಸನ ಈ ಕೃತಿ ತೆಲುಗಿಗೂ ಹೋಗಿದೆ. ಪಾವಗಡದ ಗಡಿಮನೆಗಳಲ್ಲಿ ಎರಡು ನುಡಿಯೂ ನಡೆಯುತ್ತದೆಯಷ್ಟೆ.) ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮ ಗಮನವಿರುವುದು ಆ ಷರತ್ತುಗಳ ಮೇಲೆ. ತನ್ನ ಶಿವಪೂಜೆಗೆ, ಜಂಗಮರ ಸಂಗಕ್ಕೆ ಅಡ್ಡಿ ಬರಬಾರದೆಂದು ಆಕೆ ಕೇಳಿದಳು; ಅರಸನು ಒಪ್ಪಿದನು. ಬಾಯಿ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ದಿನ ಕಳೆದರೆ ಸರಿಹೋಗುವಳೆಂದು ಅವನು ಎಣಿಸಿರಬೇಕು. ನಮ್ಮ ಹುಡುಗರು ಎಣಿಸುವುದೂ ಹಾಗೆಯೇ. ಮಾತು ಮುರಿದಾಗ ಆಕೆ ಅರಮನೆಯನ್ನೇ ತೊರೆದಳು. ಹರಿಹರನು ಹೇಳುವಂತೆ, ಕೌಶಿಕನು ಕೊನೆಗೆ ಶಿವಭಕ್ತನ ವೇಷ ತೊಟ್ಟು ಶ್ರೀಶೈಲಕ್ಕೂ ಹೋಗಿ ಬೇಡಿಕೊಂಡನು. ಆಕೆಗೆ ಪ್ರಿಯವಾದುದನ್ನು ಮೈಮೇಲೆ ಧರಿಸಿದರೆ ಸಾಕೆಂದು ಬಗೆದನೋ ಏನೋ! ಆಕೆ ಮನಸ್ಸು ಬದಲಿಸಲಿಲ್ಲ.

ಅಕ್ಕನೂ ಕೈಗೆ ಸಿಗದವನನ್ನೇ ಒಲಿದವಳೆಂಬುದನ್ನು ಮರೆಯಲಾಗದು. ರೂಪವಿಲ್ಲದ, ಸಾವಿಲ್ಲದ ನಲ್ಲನ ಸುಳಿವನ್ನು ಆಕೆ ಕಾಡಿನ ಹಕ್ಕಿಗಳಲ್ಲಿ ಕೇಳಿದಳು. ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಕಠಿನ ಪ್ರಶ್ನೆಗಳಿಗೆ ಉತ್ತರಿಸಿದಳು. ಶ್ರೀಶೈಲದ ಕದಳಿಗೆ ನಡೆದೇ ಹೋದಳು. ನೋವು ಆಕೆಗೂ ಇತ್ತು. ಆದರೆ ತನ್ನ ನೋವಿಗಾಗಿ ಮತ್ತೊಬ್ಬರ ಬಾಗಿಲಿಗೆ ದೂತರನ್ನು ಕಳುಹಿಸಲಿಲ್ಲ.

ಆ ತಾಯಿಯ ಮನೆಗೆ ಹೋಗಿ ಹುಡುಗನಿಗೆ ಇಷ್ಟನ್ನೂ ಹೇಳಿದೆವು. ಬುದ್ಧಿವಾದವೆಂದು ಬೇಸರಿಸಿಯಾನೆಂಬ ಅಳುಕಿತ್ತು. ಅವನು ಸುಮ್ಮನೆ ಕೇಳಿದನು. ನಾವು ಕೌಶಿಕನನ್ನು ಹಳಿಯಲಿಲ್ಲವೆಂಬುದು ಅವನಿಗೆ ಹಿಡಿಸಿದಂತೆ ತೋರಿತು. ಆಕೆಯ ಮದುವೆಯ ದಿನ ಊರಲ್ಲಿರಲಾರೆ, ತುಮಕೂರಿನ ಚಿಕ್ಕಪ್ಪನ ಮನೆಗೆ ಹೋಗಿಬರುವೆನೆಂದನು. ಹೋಗಿ ಬಾ ಎಂದೆವು. ಬಳಿಕ, ಕೌಶಿಕನು ಆಮೇಲೆ ಏನಾದನೆಂದು ಕೇಳಿದನು. ನಾವು ಕೇಳಿದ ಯಾವ ಪ್ರವಚನದಲ್ಲಿಯೂ ಅದು ಬಂದಿರಲಿಲ್ಲವೆಂದು ಒಪ್ಪಿಕೊಂಡೆವು. ಅಷ್ಟರಲ್ಲಿ ತಾಯಿ ತಟ್ಟೆ ಇಟ್ಟು ರಾಗಿಮುದ್ದೆ, ಹುರುಳಿಸಾರು ಬಡಿಸಿದರು. ಅರ್ಧ ಮುದ್ದೆ ಉಂಡನು.