ಭೂಮಿಗೆ ಬಂದ ನೋಟಿಸು: ಡಗ್ಲಸ್ ಆಡಮ್ಸ್ ಅವರ ನಗೆಯ ಬ್ರಹ್ಮಾಂಡ

ವಿಜ್ಞಾನದ ಯಾವುದಾದರೊಂದು ಸಾಧ್ಯತೆಯನ್ನು ಬೀಜವಾಗಿಟ್ಟುಕೊಂಡು, ಇನ್ನೂ ನಡೆಯದಿರುವುದನ್ನು ನಡೆದಂತೆಯೇ ನಿರೂಪಿಸುವ ಬರಹಕ್ಕೆ ವಿಜ್ಞಾನ ಕಥೆ ಎಂದು ಹೆಸರು. ಅದರಲ್ಲಿ ಹಾಸ್ಯವು ಮೇಲಿನ ಒಗ್ಗರಣೆಯಾಗಿರದೆ ಮೂಲದ್ರವ್ಯವೇ ಆಗಿದ್ದರೆ ಅದು ವಿನೋದ ವಿಜ್ಞಾನ ಕಥೆಯಾಗುತ್ತದೆ. ಕನ್ನಡದಲ್ಲಿ ಈ ಎರಡೂ ಧಾರೆಗಳಿಗೆ ಸಮರ್ಥ ಲೇಖಕರಿದ್ದಾರೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿ, ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ತಿಂಮನೆಂಬ ಪಾತ್ರವನ್ನು ಮನೆಮಾತಾಗಿಸಿದ ಬೀಚಿ ಬಳ್ಳಾರಿ ಸೀಮೆಯ ಹಾಸ್ಯಪ್ರಜ್ಞೆಯ ಹೆಗ್ಗುರುತಾದರೆ, ರಾಜಶೇಖರ ಭೂಸನೂರಮಠ, ಮನು ಮೊದಲಾದವರು ವಿಜ್ಞಾನ ಕಥೆಯನ್ನು ಕನ್ನಡಕ್ಕೆ ಒಗ್ಗಿಸಿದವರು. ಆದರೆ ಆ ಧಾರೆಗಳು ಬಹುಮಟ್ಟಿಗೆ ಬೇರೆ ಬೇರೆ ಕಾಲುವೆಗಳಲ್ಲೇ ಹರಿದವು. ಅವೆರಡನ್ನೂ ಒಂದಾಗಿಸಿ ಜಗತ್ತಿನಾದ್ಯಂತ ಓದುಗರನ್ನು ಗಳಿಸಿದವರು ಇಂಗ್ಲೆಂಡಿನ ಡಗ್ಲಸ್ ಆಡಮ್ಸ್. ಅವರ ಅತ್ಯಂತ ಪ್ರಸಿದ್ಧ ಕೃತಿಯ ವಸ್ತುವೆಂದರೆ, ಯಾರ ಕಣ್ಣಿಗೂ ಬೀಳದ ನೋಟಿಸೊಂದರ ಆಧಾರದ ಮೇಲೆ ನಡೆಯುವ ತೆರವು ಕಾರ್ಯಾಚರಣೆ. ಆದ್ದರಿಂದ ಅಣೆಕಟ್ಟು, ಗಣಿ, ಸ್ಮಾರಕ ಈ ಮೂರರ ನಡುವೆ ಬದುಕು ಕಟ್ಟಿಕೊಂಡಿರುವ ಸಂಡೂರು, ಹೊಸಪೇಟೆ, ಹಂಪಿ, ಕಂಪ್ಲಿಗಳ ಜನರಿಗೆ ಅದು ಪರದೇಶದ ಕಥೆ ಎನಿಸಲಾರದು.

ಆಡಮ್ಸ್ ಹುಟ್ಟಿದ್ದು 1952ರ ಮಾರ್ಚ್ 11ರಂದು, ಕೇಂಬ್ರಿಜ್ ನಗರದಲ್ಲಿ. ಎಸೆಕ್ಸ್ ಪ್ರಾಂತದ ಬ್ರೆಂಟ್‌ವುಡ್‌ನಲ್ಲಿ ಓದುತ್ತಿದ್ದಾಗ ಅವರು ಬರೆದ ಕಥೆಯೊಂದಕ್ಕೆ ಶಿಕ್ಷಕ ಫ್ರಾಂಕ್ ಹಾಲ್‌ಫರ್ಡ್ ಹತ್ತಕ್ಕೆ ಹತ್ತು ಅಂಕ ಕೊಟ್ಟರು. ಆ ಶಿಕ್ಷಕರು ತಮ್ಮ ವೃತ್ತಿಜೀವನದಲ್ಲಿ ಮತ್ತಾರಿಗೂ ಪೂರ್ಣಾಂಕ ಕೊಡಲಿಲ್ಲವೆಂಬುದನ್ನು ಆಡಮ್ಸ್ ಕೊನೆಯವರೆಗೂ ನೆನೆಯುತ್ತಿದ್ದರು. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅವರು ಅಲ್ಲಿನ ಹೆಸರಾಂತ ಹಾಸ್ಯನಾಟಕ ತಂಡವಾದ ಫುಟ್‌ಲೈಟ್ಸ್ ಸೇರಿದರು. ಪದವಿಯ ಅನಂತರದ ವರ್ಷಗಳು ಮಾತ್ರ ಕಷ್ಟದವು: ಮಾಂಟಿ ಪೈಥಾನ್ ಹಾಸ್ಯತಂಡದ ಗ್ರಹಾಂ ಚಾಪ್‌ಮನ್ ಜೊತೆ ಕೆಲಕಾಲ ಬರೆದರೂ ನೆಲೆ ಸಿಗದೆ, ಆಸ್ಪತ್ರೆಯಲ್ಲಿ ರೋಗಿಗಳನ್ನು ಸಾಗಿಸುವ ಆಳಾಗಿ, ಕೋಳಿಗೂಡು ತೊಳೆಯುವವರಾಗಿ, ಕತಾರಿನ ಸಿರಿವಂತ ಕುಟುಂಬವೊಂದರ ಅಂಗರಕ್ಷಕರಾಗಿ ಅವರು ದುಡಿದರು.

ಅವರ ಕೀರ್ತಿಗೆ ಕಾರಣವಾದ ಕಲ್ಪನೆ ಮೊಳಕೆಯೊಡೆದದ್ದು 1971ರಲ್ಲಿ. ರಸ್ತೆಬದಿಯಲ್ಲಿ ಹೆಬ್ಬೆರಳೆತ್ತಿ ನಿಂತು, ಹೋಗುವ ವಾಹನಗಳನ್ನು ತಡೆದು, ಕಾಸಿಲ್ಲದೆ ಊರೂರು ಸುತ್ತುವುದನ್ನು ಹಿಚ್‌ಹೈಕಿಂಗ್ ಎನ್ನುತ್ತಾರೆ. ಹಾಗೆ ಯುರೋಪು ಸುತ್ತುತ್ತಿದ್ದ ಹತ್ತೊಂಬತ್ತರ ತರುಣ ಆಡಮ್ಸ್, ಆಸ್ಟ್ರಿಯಾದ ಇನ್ಸ್‌ಬ್ರುಕ್ ಊರಿನ ಬಯಲಿನಲ್ಲಿ ಮಲಗಿ ನಕ್ಷತ್ರಗಳನ್ನು ನೋಡುತ್ತಿದ್ದಾಗ, ತಮ್ಮ ಚೀಲದಲ್ಲಿದ್ದ ಯುರೋಪಿನ ಕೈಪಿಡಿಯಂತೆ ಆಕಾಶಗಂಗೆಗೂ ಒಂದು ಕೈಪಿಡಿ ಇರಬೇಕೆಂದು ಅವರಿಗೆ ತೋರಿತು. ಬೆನ್ನುಚೀಲ ಹೊತ್ತು, ಕೈಪಿಡಿ ಹಿಡಿದು, ತುಂಗಭದ್ರೆಯ ದಂಡೆಯ ಬಂಡೆಗಳ ಮೇಲೆ ಸಂಜೆ ಕಳೆಯುವ ಪರದೇಶಿ ತರುಣರನ್ನು ಕಂಡಿರುವ ಹಂಪಿಯವರಿಗೆ ಆ ಚಿತ್ರ ಹೊಸದಲ್ಲ.

ಆ ಕಲ್ಪನೆ 1978ರ ಮಾರ್ಚ್ 8ರಂದು ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಎಂಬ ಹೆಸರಿನ ಬಾನುಲಿ ನಾಟಕವಾಗಿ ಬಿಬಿಸಿ ರೇಡಿಯೊ 4ರಲ್ಲಿ ಪ್ರಸಾರವಾಯಿತು. 1979ರಲ್ಲಿ ಕಾದಂಬರಿಯಾಗಿ ಬಂದು ಮೂರೇ ತಿಂಗಳಲ್ಲಿ ಎರಡೂವರೆ ಲಕ್ಷ ಪ್ರತಿಗಳು ಮಾರಾಟವಾದವು. ಕಥೆಯ ಆರಂಭದಲ್ಲಿ ಆರ್ಥರ್ ಡೆಂಟ್ ಎಂಬ ಸಾಮಾನ್ಯ ಗೃಹಸ್ಥ ಬೈಪಾಸ್ ರಸ್ತೆಗಾಗಿ ತನ್ನ ಮನೆ ಕೆಡವಲು ಬಂದ ಬುಲ್ಡೋಜರಿನ ಮುಂದೆ ಕೆಸರಿನಲ್ಲಿ ಅಡ್ಡ ಮಲಗಿರುತ್ತಾನೆ. ನಕಾಶೆಯನ್ನು ತಿಂಗಳುಗಟ್ಟಲೆ ಪ್ರದರ್ಶನಕ್ಕಿಡಲಾಗಿತ್ತಲ್ಲ, ಆಕ್ಷೇಪಣೆಯನ್ನು ಆಗಲೇ ಸಲ್ಲಿಸಬೇಕಿತ್ತು ಎಂಬುದು ಅಧಿಕಾರಿಯ ವಾದ. ಆ ಪ್ರದರ್ಶನವೋ ಕಚೇರಿಯ ನೆಲಮಾಳಿಗೆಯಲ್ಲಿ, ಪಾಳುಬಿದ್ದ ಶೌಚಾಲಯದೊಳಗೆ, ಬೀಗ ಹಾಕಿದ ಕಡತದ ಪೆಟ್ಟಿಗೆಯಲ್ಲಿ ನಡೆದಿತ್ತು. ಆ ಜಗಳ ಮುಗಿಯುವ ಮುನ್ನವೇ ಅಂತರಿಕ್ಷದ ಹೆದ್ದಾರಿಗಾಗಿ ಭೂಮಿಯನ್ನೇ ಕೆಡವಲು ವೋಗನ್ ಎಂಬ ಅನ್ಯಲೋಕದ ಅಧಿಕಾರಶಾಹಿ ಜನಾಂಗದ ನೌಕೆಗಳು ಬಂದು ನಿಲ್ಲುತ್ತವೆ. ಅವುಗಳದೂ ಅದೇ ವಾದ: ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ ಐವತ್ತು ವರ್ಷಗಳಿಂದ ನೋಟಿಸು ತೂಗುಹಾಕಲಾಗಿತ್ತಲ್ಲ! ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಎಂದರೆ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರ್, ಒಂದು ಜ್ಯೋತಿರ್ವರ್ಷ. ಆಲ್ಫಾ ಸೆಂಟಾರಿ ಅಂಥ ನಾಲ್ಕಕ್ಕೂ ಹೆಚ್ಚು ಜ್ಯೋತಿರ್ವರ್ಷಗಳಾಚೆ ಇರುವ ನಕ್ಷತ್ರಸಮೂಹ. ಕಚೇರಿಗೂ ಬಡವನ ಹೊಸ್ತಿಲಿಗೂ ಇರುವ ಅಂತರವನ್ನು ಖಗೋಳದ ಅಳತೆಗೋಲಿನಿಂದ ಅಳೆದದ್ದು ಆಡಮ್ಸ್ ಅವರ ನಿಜವಾದ ಸಾಧನೆ. ವಿಜ್ಞಾನವಿಲ್ಲದೆ ಆ ನಗೆಯಿಲ್ಲ, ಆ ನಗೆಯಿಲ್ಲದೆ ನೋವಿನ ಗಾತ್ರ ಕಾಣುವುದಿಲ್ಲ.

ಬಳ್ಳಾರಿ ಸೀಮೆಯ ಇತ್ತೀಚಿನ ಇತಿಹಾಸವನ್ನು ಈ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಅದರ ಅರ್ಥ ಇನ್ನಷ್ಟು ಆಳವಾಗುತ್ತದೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯ ಲಕ್ಷಾಂತರ ಎಕರೆಗೆ ಹಸಿರು ಕೊಟ್ಟಿತು, ಜೊತೆಗೆ ಹತ್ತಾರು ಹಳ್ಳಿಗಳ ಜನರಿಗೆ ಮುಳುಗಡೆ ಎಂಬ ಪದವನ್ನು ಕಲಿಸಿತು. 2011ರ ಜುಲೈ ತಿಂಗಳೊಂದರಲ್ಲೇ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ತಲೆಮಾರುಗಳಿಂದ ಬಾಳಿದ್ದವರ ಮನೆ, ಅಂಗಡಿಗಳು ಬುಲ್ಡೋಜರಿಗೆ ಸಿಕ್ಕವು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ, ಸಂಡೂರಿನ ಗುಡ್ಡಗಳು ಎಷ್ಟು ಕರಗಿವೆಯೆಂಬುದನ್ನು ದೇಶವೇ ತಿರುಗಿ ನೋಡಿತು. ಸ್ಮಾರಕವೂ ಉಳಿಯಬೇಕು, ನೀರೂ ಬೇಕು, ಉಕ್ಕೂ ಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ನಿರ್ಧಾರ ಎಲ್ಲೋ ಆಗಿ, ಮನೆಬಾಗಿಲಿಗೆ ಯಂತ್ರವಾಗಿ ಬಂದಿಳಿಯುವ ಅನುಭವಕ್ಕೆ ಆಡಮ್ಸ್ ಕೊಟ್ಟ ರೂಪಕಕ್ಕಿಂತ ನಿಖರವಾದದ್ದು ಸಾಹಿತ್ಯದಲ್ಲಿ ವಿರಳ.

ಕಾದಂಬರಿಯ ಮತ್ತೊಂದು ಪ್ರಸಂಗ ಲೋಕಪ್ರಸಿದ್ಧವಾಗಿದೆ. ಜೀವ, ಜಗತ್ತು ಮತ್ತು ಸಮಸ್ತದ ಪರಮ ಪ್ರಶ್ನೆಗೆ ಉತ್ತರ ಹುಡುಕಲು ನಿರ್ಮಿಸಿದ ಮಹಾಗಣಕವು 75 ಲಕ್ಷ ವರ್ಷ ಲೆಕ್ಕ ಹಾಕಿ, ಉತ್ತರ 42 ಎನ್ನುತ್ತದೆ. ಪ್ರಶ್ನೆಯೇನೆಂದು ತಿಳಿಯದೆ ಉತ್ತರ ಕೇಳಿದ್ದೇ ತಪ್ಪೆಂದು ಆಗ ಹೊಳೆಯುತ್ತದೆ. ಆ ಪ್ರಶ್ನೆಯನ್ನು ಕಂಡುಹಿಡಿಯಲು ಕಟ್ಟಿದ ಇನ್ನೂ ದೊಡ್ಡ ಗಣಕವೇ ಭೂಮಿ, ಅದರ ಕೆಲಸ ಮುಗಿಯಲು ಐದು ನಿಮಿಷವಿರುವಾಗ ವೋಗನ್ನರು ಅದನ್ನು ಕೆಡವುತ್ತಾರೆ. 42ರಲ್ಲಿ ಗೂಢಾರ್ಥ ಹುಡುಕಿದವರು ಅಸಂಖ್ಯ. ಅದೊಂದು ಸಾಧಾರಣ ಸಂಖ್ಯೆಯಷ್ಟೇ ಎಂದು ಆಡಮ್ಸ್ ಸ್ಪಷ್ಟಪಡಿಸಿದ್ದರು. ಪ್ರಶ್ನೆಯನ್ನು ಸರಿಯಾಗಿ ಕೇಳುವುದೇ ವಿಜ್ಞಾನದ ಅರ್ಧ ಕೆಲಸವೆಂಬ ತಿಳಿವು ಈ ವಿನೋದದ ತಿರುಳು.

ಈ ಕಥಾಮಾಲೆ 1992ರ ಹೊತ್ತಿಗೆ ಐದು ಕಾದಂಬರಿಗಳಾಗಿ ಬೆಳೆಯಿತು. ಬರವಣಿಗೆ ಅವರಿಗೆ ಸಲೀಸಾಗಿರಲಿಲ್ಲ. 1984ರ ನಾಲ್ಕನೆಯ ಕಾದಂಬರಿಯನ್ನು ಮುಗಿಸಲು ಭಾರತ ಮೂಲದ ಪ್ರಕಾಶಕ ಸನ್ನಿ ಮೆಹ್ತಾ ಅವರು ಆಡಮ್ಸ್ ಅವರೊಂದಿಗೆ ಹೋಟೆಲಿನ ಕೊಠಡಿಯಲ್ಲಿ ವಾರಗಟ್ಟಲೆ ತಂಗಿ ಕಾವಲು ಕಾಯಬೇಕಾಯಿತು. ‘ಡಾಕ್ಟರ್ ಹೂ’ ಎಂಬ ದೂರದರ್ಶನ ಧಾರಾವಾಹಿಗೂ ಅವರು ಚಿತ್ರಕಥೆ ಬರೆದರು, ಡರ್ಕ್ ಜೆಂಟ್ಲಿ ಎಂಬ ಪತ್ತೇದಾರನ ಕುರಿತು ಎರಡು ಕಾದಂಬರಿಗಳನ್ನು ರಚಿಸಿದರು.

ಆದರೆ ಆಡಮ್ಸ್ ಅವರ ಅಂತಃಕರಣ ಪೂರ್ಣವಾಗಿ ಕಾಣುವುದು 1990ರ ‘ಲಾಸ್ಟ್ ಚಾನ್ಸ್ ಟು ಸೀ’ ಎಂಬ ಪ್ರವಾಸ ಗ್ರಂಥದಲ್ಲಿ. ಪ್ರಾಣಿಶಾಸ್ತ್ರಜ್ಞ ಮಾರ್ಕ್ ಕಾರ್ವರ್ಡಿನ್ ಅವರೊಂದಿಗೆ ಅಳಿವಿನಂಚಿನ ಜೀವಿಗಳನ್ನು ಅರಸಿ ಹೊರಟ ಈ ಬರಹದಲ್ಲಿ ಭೂಮಿಯ ತೆರವು ಕಾರ್ಯಾಚರಣೆ ಕಲ್ಪನೆಯಾಗಿ ಉಳಿಯುವುದಿಲ್ಲ. ಅವರು ಹುಡುಕಿ ಹೋಗಿದ್ದ ಚೀನಾದ ಯಾಂಗ್ಟ್ಸಿ ನದಿಯ ಡಾಲ್ಫಿನ್ 2006ರ ಸಮೀಕ್ಷೆಯಲ್ಲಿ ಒಂದೂ ಸಿಗಲಿಲ್ಲ. ಆಗ ಐವತ್ತರ ಆಸುಪಾಸಿನಲ್ಲಿದ್ದ ನ್ಯೂಜಿಲೆಂಡಿನ ಹಾರಲಾರದ ಗಿಳಿ ಕಾಕಪೋ ಮನುಷ್ಯರ ಆರೈಕೆಯಿಂದ ಇನ್ನೂರನ್ನು ದಾಟಿದೆ. ಸಂಡೂರು ತಾಲ್ಲೂಕಿನ ದರೋಜಿಯ ಸುತ್ತಿನ ಬಂಡೆಗುಡ್ಡಗಳಲ್ಲಿ 1994ರಲ್ಲಿ ರೂಪುಗೊಂಡ ಕರಡಿಧಾಮವನ್ನೂ, ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಎರೆಭೂತ ಹಕ್ಕಿಯನ್ನೂ ಬಲ್ಲವರಿಗೆ ಈ ಎರಡು ಗತಿಗಳ ನಡುವಣ ವ್ಯತ್ಯಾಸ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

2001ರ ಮೇ 11ರಂದು, 49ರ ವಯಸ್ಸಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಡಮ್ಸ್ ಹೃದಯಾಘಾತದಿಂದ ತೀರಿಕೊಂಡರು. ಅವರು ಕಲ್ಪಿಸಿದ ಆಕಾಶಗಂಗೆಯ ಕೈಪಿಡಿಯಲ್ಲಿ ಭೂಮಿಯ ಬಗೆಗಿದ್ದದ್ದು ನಿರಪಾಯಕಾರಿ ಎಂಬರ್ಥದ ಒಂದೇ ಪದ; ಕೈಪಿಡಿಯ ವರದಿಗಾರ ಫೋರ್ಡ್ ಪ್ರಿಫೆಕ್ಟ್ ಹದಿನೈದು ವರ್ಷ ಇಲ್ಲಿದ್ದು ಬರೆದು ಕಳಿಸಿದ ಮೇಲೆ ಅದಕ್ಕೆ ಸೇರಿದ್ದು ಇನ್ನೊಂದೇ ಪದ, ಬಹುಮಟ್ಟಿಗೆ. ಹಾಗೆಯೇ ಅದಿರಿನ ವ್ಯಾಪಾರದ ಪುಸ್ತಕಗಳಲ್ಲಿ ಸಂಡೂರು ಕಬ್ಬಿಣದ ಶೇಕಡಾಂಶವಾಗಿ ನಮೂದಾಗುತ್ತದೆ. ಅದರ ಕುಮಾರಸ್ವಾಮಿ ಬೆಟ್ಟ, ಲಂಬಾಣಿ ಕಸೂತಿ, ಮಳೆಗಾಲದ ಹಸಿರು ಆ ನಮೂದಿನೊಳಗೆ ಬರುವುದಿಲ್ಲ. ಒಂದು ನೆಲವನ್ನು ಒಂದೆರಡು ಪದಗಳಿಗೆ ಇಳಿಸಿದ ಮೇಲೆ ಅದನ್ನು ಕೆಡವುವುದು ಸುಲಭವಾಗುತ್ತದೆ ಎಂಬುದನ್ನು ಆಡಮ್ಸ್ ನಗಿಸುತ್ತಲೇ ತೋರಿಸಿದರು. ಹಾಗಿರುವಾಗ ಆ ನಮೂದನ್ನು ಸಾಲು ಸಾಲಾಗಿ ಹಿಗ್ಗಿಸುತ್ತ ಹೋಗುವುದು ಆ ನೆಲದ ಮೇಲೆ ಬಾಳುವವರ ಕೆಲಸ.